ಕಲ್ಲು ಕೆತ್ತಿದ್ದು ಅನ್ಯಗ್ರಹದವರಲ್ಲ, ಸರಿ. ಹಾಗಾದರೆ ಯಾರು?

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ಒಬ್ಬರು ಬರೆದಿದ್ದರು. ಕಾರ್ಕಳದ ಗೊಮ್ಮಟ, ಹಳೇಬೀಡಿನ ಕಂಬ, ಬೆಟ್ಟದ ಬಂಡೆಯನ್ನೇ ಕೊರೆದು ಮಾಡಿದ ಎಲ್ಲೋರದ ಕೈಲಾಸ ಗುಡಿ ಇವೆಲ್ಲ ಉಳಿ-ಸುತ್ತಿಗೆಯಲ್ಲಿ ಆಗುವ ಕೆಲಸವೇ ಅಲ್ಲ, ಆಗ ಯಾವುದೋ ಯಂತ್ರ ಇತ್ತು, ಇಲ್ಲವೇ ಅನ್ಯಗ್ರಹದವರ ಕೈ ಇತ್ತು, ಇತಿಹಾಸಕಾರರು ಅದನ್ನು ಮುಚ್ಚಿಟ್ಟಿದ್ದಾರೆ ಅಂತ. ಎರಡು ದಿನ ಬಿಟ್ಟು ಇನ್ನೊಬ್ಬರು, ವಾಟ್ಸಾಪ್‌ನಲ್ಲಿ ಇತಿಹಾಸ ಕಲಿತವರ ಹಣೆಬರಹ ಇಷ್ಟೇ ಅಂತ ಅವರಿಗೆ ಚೆನ್ನಾಗಿ ಮಂಗಳಾರತಿ ಎತ್ತಿದರು. ಎರಡನ್ನೂ ಓದಿದೆ. ಮೊದಲನೆಯವರ ಉತ್ತರ ನನಗೆ ಒಪ್ಪಿಗೆಯಿಲ್ಲ, ಅವರ ಅನುಮಾನ ಮಾತ್ರ ಪೂರ್ತಿ ಒಪ್ಪಿಗೆ. ಎರಡನೆಯವರು ಹೇಳಿದ್ದು ಸರಿಯೇ. ಆದರೆ ಉಳಿಯಲ್ಲೇ ಮಾಡಿದ್ದು ಅಂದರೇ ಹೊರತು ಹೇಗೆ ಅಂತ ಹೇಳಲಿಲ್ಲ. ಅವರೊಬ್ಬರೇ ಅಲ್ಲ, ಯಾರೂ ಹೇಳುವುದಿಲ್ಲ. ನನ್ನ ತಕರಾರು ಇರುವುದೇ ಅಲ್ಲಿ.

ಮಕ್ಕಳ ಸಮಾಜ ವಿಜ್ಞಾನದ ನೋಟ್ಸ್ ತೆಗೆದು ನೋಡಿ. ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದವರು ಯಾರು? ವೀರಪಾಂಡ್ಯ. ಯಾವಾಗ? 1432. ಎತ್ತರ ಎಷ್ಟು? 42 ಅಡಿ. ಒಂದೊಂದಕ್ಕೆ ಒಂದೊಂದು ಅಂಕ, ಮುಗೀತು. ವೇಣೂರಿಗೆ ಬನ್ನಿ: ತಿಮ್ಮಣ್ಣ ಅಜಿಲ, 1604, 35 ಅಡಿ. ಶ್ರವಣಬೆಳಗೊಳಕ್ಕೆ ಹೋಗಿ: ಚಾವುಂಡರಾಯ, 58 ಅಡಿ. ಪ್ರವಾಸಿ ತಾಣದ ಫಲಕಗಳೂ ಇದನ್ನೇ ಹೇಳುತ್ತವೆ, ಗೈಡುಗಳೂ ಇದನ್ನೇ ಹೇಳುತ್ತಾರೆ, ಬೇಸರ ಮಾಡಬೇಡಿ, ನಿಮ್ಮ ಭಾನುವಾರದ ಪುರವಣಿಯೂ ಇದನ್ನೇ ಹೇಳುತ್ತದೆ. ಕರೆಯುವವರ ಹೆಸರೆಲ್ಲ ದಪ್ಪಕ್ಷರದಲ್ಲಿ ಹಾಕಿ ಅಡುಗೆಯವರ ಹೆಸರೇ ಇಲ್ಲದ ಮದುವೆ ಕಾಗದ ಇದು. ಊಟ ಮಾಡಿದವರಿಗೆ ಇದನ್ನು ಬೇಯಿಸಿದ್ದು ಯಾರು ಅಂತ ಕೇಳಬೇಕು ಅನಿಸುವುದು ಸಹಜ ಅಲ್ವಾ? ಕೇಳಿದಾಗ ಉತ್ತರ ಸಿಗದಿದ್ದರೆ, ಮೊಬೈಲಿನಲ್ಲಿ ಯಾರೋ ಹಿನ್ನೆಲೆ ಸಂಗೀತ ಹಾಕಿಕೊಂಡು ಕೊಡುವ ಉತ್ತರವನ್ನೇ ನಂಬುತ್ತಾರೆ. ನಂಬಿದವರನ್ನು ಬೈದು ಏನು ಪ್ರಯೋಜನ? ಜಾಗ ಖಾಲಿ ಬಿಟ್ಟವರು ನಾವು.

ಕಾರ್ಕಳದಿಂದಲೇ ಶುರು ಮಾಡುತ್ತೇನೆ. ಆ ಗುಡ್ಡ ಅಂದರೆ ಒಂದು ದೊಡ್ಡ ಬೋಳು ಬಂಡೆ. ಮೆಟ್ಟಿಲು ಹತ್ತಿ ಮೇಲೆ ಹೋದವರಿಗೆ ಬರುವ ಮೊದಲ ಪ್ರಶ್ನೆ, ಇಷ್ಟು ದೊಡ್ಡ ಕಲ್ಲನ್ನು ಇಲ್ಲಿಗೆ ತಂದದ್ದು ಹೇಗೆ ಮಾರಾಯ್ರೆ ಅಂತಲೇ. ಶ್ರವಣಬೆಳಗೊಳದಲ್ಲಿ ಈ ಪ್ರಶ್ನೆ ಇಲ್ಲ, ಅಲ್ಲಿ ಬೆಟ್ಟದ ತುದಿಯ ಬಂಡೆಯನ್ನೇ ಕೆತ್ತಿದರು. ಕಾರ್ಕಳದ ಮೂರ್ತಿಯನ್ನು ಬೇರೆ ಕಡೆ ಕೆತ್ತಿ ಮೇಲಕ್ಕೆ ಎಳೆದು ತಂದರು ಅನ್ನುವುದು ಊರಿನ ಹಳೆಯ ಮಾತು. ಬ್ರಿಟಿಷರ ಕಾಲದಲ್ಲಿ ಈ ಕಡೆ ಅಧಿಕಾರಿಯಾಗಿದ್ದ ವಾಲ್‌ಹೌಸ್ ಈ ಕಥೆಯನ್ನು ಕೇಳಿ ಬರೆದಿಟ್ಟ. ಸಾಲಾಗಿ ಜೋಡಿಸಿದ 20 ಕಬ್ಬಿಣದ ಗಾಡಿ, ಉಕ್ಕಿನ ಗಾಲಿ, ಒಂದೊಂದಕ್ಕೂ ಹತ್ತು ಸಾವಿರ ತೆಂಗಿನಕಾಯಿ ಒಡೆದದ್ದು, ಮೂರ್ತಿಗೆ ಪೆಟ್ಟಾಗದ ಹಾಗೆ ರಾಶಿ ರಾಶಿ ಹತ್ತಿ ಹೊದೆಸಿದ್ದು, ಇಳಿಜಾರು ದಾರಿ ಮಾಡಿ ಜನ ಎಳೆದದ್ದು. ತೆಂಗಿನಕಾಯಿ ಲೆಕ್ಕವನ್ನು ನಾನು ನಂಬುವುದಿಲ್ಲ, ಕಥೆ ಬಾಯಿಂದ ಬಾಯಿಗೆ ಹೋಗುವಾಗ ಕಾಯಿ ಜಾಸ್ತಿಯಾಗುತ್ತದೆ. ಆದರೆ ಇಳಿಜಾರು ದಾರಿ, ಗಾಲಿ, ಹತ್ತಿಯ ಹೊದಿಕೆ? ಇದು ಪವಾಡದ ಕಥೆಯಲ್ಲಿ ಬರುವ ವಿವರ ಅಲ್ಲ. ಭಾರ ಸಾಗಿಸಿ ಗೊತ್ತಿರುವವರ ಬಾಯಿಂದ ಬಂದ ವಿವರ. ಊರಿನ ನೆನಪಿನಲ್ಲಿ ಉತ್ತರದ ಒಂದು ತುಂಡು ಉಳಿದಿತ್ತು, ಪಠ್ಯಪುಸ್ತಕದಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.

ಅದು 600 ವರ್ಷದ ಹಿಂದಿನ ಮಾತು ಅನ್ನುತ್ತೀರಾ, ನಮ್ಮ ಕಾಲಕ್ಕೇ ಬನ್ನಿ. ಧರ್ಮಸ್ಥಳದಲ್ಲಿ ಇರುವ 39 ಅಡಿಯ ಬಾಹುಬಲಿಯನ್ನು ಕೆತ್ತಿದವರು ರೆಂಜಾಳ ಗೋಪಾಲ ಶೆಣೈ. ಕೆತ್ತಿದ್ದು ಇದೇ ಕಾರ್ಕಳದಲ್ಲಿ. 1960ರ ದಶಕದ ಕೊನೆಯಲ್ಲಿ ಕೆಲಸ ಶುರುವಾಯಿತು, 1973ರಲ್ಲಿ ಮೂರ್ತಿಯನ್ನು ಸಾಲು ಗಾಲಿಗಳ ಟ್ರಾಲಿಯ ಮೇಲೆ ಮಲಗಿಸಿ ಧರ್ಮಸ್ಥಳಕ್ಕೆ ಸಾಗಿಸಿದರು, 1982ರಲ್ಲಿ ಪ್ರತಿಷ್ಠೆ ಆಯಿತು. ಆ ಮೆರವಣಿಗೆಯನ್ನು ದಾರಿಬದಿಯಲ್ಲಿ ನಿಂತು ನೋಡಿದವರು ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಈಗಲೂ ಇದ್ದಾರೆ. ಅಂದರೆ ಒಂದೇ ಕಲ್ಲಿನಲ್ಲಿ ನಾಲ್ಕು ಮಹಡಿ ಎತ್ತರದ ಮೂರ್ತಿ ಮಾಡುವುದು ಹೇಗೆ ಅಂತ ಗೊತ್ತಿದ್ದ ಒಬ್ಬ ಮನುಷ್ಯ, ರೇಡಿಯೋ, ಬಸ್ಸು ಇದ್ದ ಕಾಲದಲ್ಲಿ, ನಮ್ಮ ನಡುವೆಯೇ ಓಡಾಡಿಕೊಂಡಿದ್ದರು. ಕಳೆದುಹೋದ ತಂತ್ರಜ್ಞಾನ ಅಂತ ಯಾರಾದರೂ ಹೇಳಿದಾಗ ನನಗೆ ಮೊದಲು ನೆನಪಾಗುವುದೇ ಇವರು. ಸಾಗಿಸುವುದಕ್ಕೆ 1973ರಲ್ಲಿ ಲಾರಿ ಇತ್ತು, 1432ರಲ್ಲಿ ಇರಲಿಲ್ಲ, ಒಪ್ಪುತ್ತೇನೆ. ಕೆತ್ತುವ ಕೆಲಸದ ಮೂಲ ಮಾತ್ರ ಅದೇ: ಕಲ್ಲು, ಗೆರೆ, ಉಳಿ, ಕಣ್ಣಳತೆ.

ಈಗಲೂ ಕಾರ್ಕಳದ ಯಾವುದಾದರೂ ಶಿಲ್ಪಶಾಲೆಯ ಮುಂದೆ ನಿಂತು ನೋಡಿ. ಗ್ರೈಂಡರ್ ಕಿವಿ ಕಿತ್ತುಹೋಗುವ ಹಾಗೆ ಕಿರುಚುತ್ತಿರುತ್ತದೆ, ಬಿಳಿ ಪುಡಿ ಮೂಗಿನೊಳಗೆ ಹೋಗುತ್ತದೆ, ಅದು ಹೊಸತು. ಆದರೆ ಕಲ್ಲು ಆರಿಸುವಾಗ ಈಗಲೂ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದು ಕಿವಿಗೊಟ್ಟು ಕೇಳುತ್ತಾರೆ. ಗಂಟೆಯ ನಾದ ಬಂದರೆ ಕಲ್ಲು ಗಟ್ಟಿ, ದಬ್ ಅಂದರೆ ಒಳಗೆ ಬಿರುಕು ಉಂಟು. ಆಮೇಲೆ ದಾರ ಹಿಡಿದು ನಡುಗೆರೆ ಎಳೆದು, ತಲೆಯಿಂದ ಪಾದದವರೆಗೆ ತಾಳದ ಲೆಕ್ಕದಲ್ಲಿ ಭಾಗ ಮಾಡಿ ಗುರುತು ಹಾಕುತ್ತಾರೆ. ಮುಖದ ಉದ್ದ ಒಂದು ತಾಳ, ಉಳಿದ ಮೈಯೆಲ್ಲ ಅದರ ಲೆಕ್ಕದಲ್ಲೇ. ಉಳಿ ಹೊಡೆದಾಗ ಗೆರೆ ಹೋಗುತ್ತದೆ, ಪುನಃ ಎಳೆಯುತ್ತಾರೆ, ಪುನಃ ಹೋಗುತ್ತದೆ. 42 ಅಡಿಯ ಮೂರ್ತಿಯ ಮುಖ ಕೆಳಗಿನಿಂದ ನೋಡಿದರೂ ಸೊಟ್ಟ ಕಾಣದೆ ಇರುವುದಕ್ಕೆ ಕಾರಣ ಈ ಲೆಕ್ಕ. ಕಾರ್ಕಳದ ಹತ್ತಿರದ ಮಿಯ್ಯಾರಿನಲ್ಲಿ ಕೆನರಾ ಬ್ಯಾಂಕ್ ನಡೆಸುವ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆ ಉಂಟಲ್ಲ, ಅಲ್ಲಿ ಹಳ್ಳಿಯ ಹುಡುಗರು ಇದನ್ನು ಕ್ಲಾಸಿನಲ್ಲಿ ಕೂತು ಕಲಿಯುತ್ತಾರೆ. ಗುಟ್ಟು ಇರುವ ಜಾಗದಲ್ಲಿ ಅರ್ಜಿ ಕರೆದು ಪಾಠ ಹೇಳುವುದಿಲ್ಲ!

ಇಲ್ಲಿ ನನಗೆ ಕಾಡುವ ಪ್ರಶ್ನೆ ಬೇರೆ ಉಂಟು. ಕಾರ್ಕಳದ ಕಲ್ಲು ಹೊಡೆಯುವ ಉಳಿಯ ಮೊನೆ ಬೇಗ ಮೊಂಡಾಗುತ್ತದೆ. ಆಗ ಅದನ್ನು ಕುಲುಮೆಗೆ ಕೊಟ್ಟು ಕಾಯಿಸಿ, ಬಡಿದು, ನೀರಿಗೆ ಅದ್ದಿ ಹದ ಮಾಡಬೇಕು. ಇದು ದಿನಕ್ಕೊಂದು ಸಲ ಮಾಡಿದರೆ ಸಾಕಾಗುವುದಿಲ್ಲ. ಅಂದರೆ ಗೊಮ್ಮಟನನ್ನು ಕೆತ್ತುವಾಗ ಪಕ್ಕದಲ್ಲೇ ಕಮ್ಮಾರರ ಸಾಲು ಕೂತಿರಬೇಕು. ಅವರಿಗೆ ಇದ್ದಿಲು ಬೇಕು, ಇದ್ದಿಲಿಗೆ ಕಾಡು ಬೇಕು, ಕಬ್ಬಿಣ ಎಲ್ಲಿಂದಲೋ ಬರಬೇಕು, ಇಷ್ಟೂ ಜನರಿಗೆ ವರ್ಷಗಟ್ಟಲೆ ಗಂಜಿಗೆ ಅಕ್ಕಿ ಬೇಕು. ಆ ಅಕ್ಕಿ ಯಾರ ಗದ್ದೆಯದ್ದು? ಕೂಲಿ ಕೊಟ್ಟರೋ, ಬಿಟ್ಟಿ ಚಾಕರಿಯೋ? ವೀರಪಾಂಡ್ಯನ ಹೆಸರು ಬರೆದ ಕೂಡಲೇ ಈ ಪ್ರಶ್ನೆಗಳೆಲ್ಲ ಕಾಣೆಯಾಗುತ್ತವೆ. ಯಂತ್ರ ಇತ್ತು ಅಂತ ಹೇಳಿದ ಕೂಡಲೇ ಅವು ಇನ್ನೊಂದು ಸಲ ಕಾಣೆಯಾಗುತ್ತವೆ. ನೋಡಿ, ಪಠ್ಯಪುಸ್ತಕದವರೂ ವಿಡಿಯೋದವರೂ ಜಗಳ ಆಡಿದ ಹಾಗೆ ಕಂಡರೂ ಇದೊಂದು ವಿಷಯದಲ್ಲಿ ಅಣ್ಣತಮ್ಮಂದಿರು.

ಹಳೇಬೀಡಿನ ಕಂಬಗಳ ವಿಷಯ. ಅವು ಎಷ್ಟು ದುಂಡಗೆ, ಎಷ್ಟು ನುಣ್ಣಗೆ ಇವೆ ಅಂದರೆ ಲೇತ್ ಯಂತ್ರದಲ್ಲಿ ತಿರುಗಿಸಿಯೇ ಮಾಡಿರಬೇಕು, ಇದನ್ನು ಇತಿಹಾಸಕಾರರು ಒಪ್ಪುವುದಿಲ್ಲ ಅಂತ ಮೊದಲ ಪತ್ರದ ವಾಚಕರು ಬರೆದಿದ್ದಾರೆ. ಒಪ್ಪುವುದಿಲ್ಲ ಅಂತ ಅವರಿಗೆ ಹೇಳಿದವರು ಯಾರೋ! ಹೊಯ್ಸಳರ ಬಗ್ಗೆ ಬರೆದ ಹೆಚ್ಚುಕಮ್ಮಿ ಎಲ್ಲರೂ ಅವು ತಿರುಗಿಸಿ ಕಡೆದ ಕಂಬಗಳು ಅಂತಲೇ ಬರೆದಿದ್ದಾರೆ. ಹೊಯ್ಸಳರಿಗಿಂತ ಮೊದಲು ಕಲ್ಯಾಣದ ಚಾಲುಕ್ಯರ ಕಾಲದಲ್ಲೇ ಆ ಪದ್ಧತಿ ಇತ್ತು. ತಿರುಗಿಸುವುದಕ್ಕೆ ಕರೆಂಟು ಬೇಕಾಗಿಲ್ಲ, ಹಗ್ಗ ಮತ್ತು ಜನ ಸಾಕು. ಇನ್ನು ಕಲ್ಲು. ಬೇಲೂರು, ಹಳೇಬೀಡಿನದ್ದು ಕಾರ್ಕಳದ ಕಲ್ಲಿನ ಜಾತಿಯೇ ಅಲ್ಲ, ಅದು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ತೀರಾ ಸೂಕ್ಷ್ಮ ಕೆಲಸ ಅಲ್ಲಿ ಸಾಧ್ಯವಾಗಿ, ನಮ್ಮ ಗೊಮ್ಮಟನ ಮೈ ಬರೀ ನುಣುಪಾಗಿ ಉಳಿದದ್ದಕ್ಕೆ ಕಲ್ಲಿನ ಗುಣವೂ ಒಂದು ಕಾರಣ. ಹೊಯ್ಸಳ ದೇವಸ್ಥಾನಗಳ ಗೋಡೆಯಲ್ಲಿ ಅಲ್ಲಲ್ಲಿ ಅರ್ಧಕ್ಕೇ ಬಿಟ್ಟ ಕೆತ್ತನೆಗಳೂ ಇವೆ. ಒಂದು ಕಡೆ ಮೊದ್ದು ಆಕಾರ, ಇನ್ನೊಂದು ಕಡೆ ಮುಖ ಮೂಡಿದೆ, ಆಭರಣ ಇನ್ನೂ ಬಿದ್ದಿಲ್ಲ. ಪೂರ್ತಿಯಾದದ್ದನ್ನು ನೋಡಿ ಬಾಯಿ ಬಿಡುವ ಬದಲು ಇಂಥ ಅರೆಬರೆ ಕಲ್ಲಿನ ಮುಂದೆ ಹತ್ತು ನಿಮಿಷ ನಿಂತರೆ ಜಾಸ್ತಿ ಗೊತ್ತಾಗುತ್ತದೆ.

ಅದಕ್ಕಿಂತ ದೊಡ್ಡ ಸಾಕ್ಷಿ ಸಹಿ. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ತಾವು ಕೆತ್ತಿದ ವಿಗ್ರಹದ ಕೆಳಗೆ ಹೆಸರು ಹಾಕಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ಅನ್ನುವವನ ಸಹಿ ಗೋಡೆಯ ಮೇಲೆ ಒಂದಾದ ಮೇಲೊಂದು ಸಿಗುತ್ತದೆ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಕಟ್ಟಿದ ಗುಂಡ ಅನಿವಾರಿತಾಚಾರಿಗೆ ಎರಡನೇ ವಿಕ್ರಮಾದಿತ್ಯ ತ್ರಿಭುವನಾಚಾರಿ ಅಂತ ಬಿರುದು ಕೊಟ್ಟದ್ದು ಅಲ್ಲೇ ಕಲ್ಲಿನಲ್ಲಿ ಉಂಟು, ಅದೂ 8ನೇ ಶತಮಾನದಲ್ಲಿ. ನಮಗೆ ಮಾತ್ರ ಗೊತ್ತಿರುವುದು ಜಕಣಾಚಾರಿ ಒಬ್ಬನೇ. ಕಪ್ಪೆ ಚೆನ್ನಿಗರಾಯನ ಕಥೆ ಚಿಕ್ಕಂದಿನಿಂದ ಕೇಳಿದ್ದೇವೆ, ಕಥೆ ಚೆನ್ನಾಗಿಯೂ ಉಂಟು, ಸರ್ಕಾರ ಜನವರಿ 1ರಂದು ಅವನ ದಿನಾಚರಣೆಯನ್ನೂ ಮಾಡುತ್ತದೆ. ಆದರೆ ಅವನ ಸಹಿ ಬೇಲೂರಿನ ಯಾವ ವಿಗ್ರಹದ ಕೆಳಗೂ ಇಲ್ಲ. ಸಹಿ ಹಾಕಿಹೋದ ದಾಸೋಜನಿಗೆ ದಿನವೂ ಇಲ್ಲ, ಪಾಠವೂ ಇಲ್ಲ. ಮುಖ್ಯವಾಹಿನಿಯ ಇತಿಹಾಸವನ್ನು ಪ್ರಶ್ನಿಸಬೇಕು ಅನ್ನುವವರು ಈ ಅನ್ಯಾಯವನ್ನು ಯಾಕೆ ಹಿಡಿದುಕೊಳ್ಳುವುದಿಲ್ಲವೋ ನನಗೆ ಅರ್ಥವಾಗುವುದಿಲ್ಲ.

ಎಲ್ಲೋರದ್ದೂ ಹೇಳಿಬಿಡುತ್ತೇನೆ, ಯಾಕೆಂದರೆ ವಾಚಕರ ದೊಡ್ಡ ಬಾಣವೇ ಅದು. 2 ಲಕ್ಷ ಟನ್ ಕಲ್ಲನ್ನು 18 ವರ್ಷದಲ್ಲಿ ತೆಗೆಯುವುದು ಅಸಾಧ್ಯ ಅನ್ನುತ್ತಾರೆ. ಆ 18 ವರ್ಷಕ್ಕೆ ಶಾಸನದ ಆಧಾರ ಇಲ್ಲ. ರಾಷ್ಟ್ರಕೂಟ ಒಂದನೇ ಕೃಷ್ಣನ ಹೆಸರಿನಲ್ಲಿ ಇದ್ದರೂ ಕೆಲಸ ಒಂದಕ್ಕಿಂತ ಹೆಚ್ಚು ರಾಜರ ಕಾಲದಲ್ಲಿ, ಹಂತ ಹಂತವಾಗಿ ಆಗಿದೆ ಅನ್ನುವ ವಿದ್ವಾಂಸರು ಬೇಕಾದಷ್ಟಿದ್ದಾರೆ. ಇರಲಿ, 20 ವರ್ಷ ಅಂತಲೇ ಇಟ್ಟುಕೊಳ್ಳಿ. ವರ್ಷಕ್ಕೆ 10,000 ಟನ್, ವರ್ಷದಲ್ಲಿ 300 ದಿನ ಕೆಲಸ ಅಂದರೆ ದಿನಕ್ಕೆ 33 ಟನ್ ಚಿಲ್ಲರೆ. 250 ಜನ ಇದ್ದರೆ ತಲೆಗೆ 130 ಕಿಲೋದಷ್ಟು ಬರುತ್ತದೆ. ಇದು ಆಗುವ ಕೆಲಸವಾ ಅಂತ ನನ್ನನ್ನು ಕೇಳಬೇಡಿ, ನಿಮ್ಮ ಊರಿನ ಕಲ್ಲುಕೋರೆಯಲ್ಲಿ ಮೊದಲು ಕೈಯಲ್ಲಿ ಕಲ್ಲು ಒಡೆದವರನ್ನು ಕೇಳಿ. ಮೇಲಿಂದ ಕೆಳಗೆ ಕೊರೆದುಕೊಂಡು ಬಂದ ಕಾರಣ ಅಟ್ಟಣಿಗೆಯ ರಗಳೆಯೂ ಕಮ್ಮಿ. ಆದರೂ ಅದು ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ರಾಷ್ಟ್ರಕೂಟ ವಂಶದ ಕರ್ಕರಾಜನ ಬರೋಡಾ ತಾಮ್ರಶಾಸನದಲ್ಲಿ, ಅದು 9ನೇ ಶತಮಾನದ ಮೊದಲ ಭಾಗದ್ದು, ಈ ಗುಡಿ ಮಾಡಿದ ಶಿಲ್ಪಿಯೇ ಕೊನೆಗೆ ನಿಂತು ನೋಡಿ, ಅಬ್ಬಾ ಇದನ್ನು ನಾನು ಹೇಗಪ್ಪಾ ಮಾಡಿದೆ ಅಂತ ಬೆರಗಾದ ಅನ್ನುವ ಅರ್ಥದ ಮಾತುಂಟು. ಆಶ್ಚರ್ಯಪಟ್ಟವರಲ್ಲಿ ಅವನೇ ಮೊದಲನೆಯವನು. ಆದರೆ ನಾನೇ ಮಾಡಿದೆ ಅನ್ನುವುದರಲ್ಲಿ ಅವನಿಗೆ ಸಂಶಯ ಇರಲಿಲ್ಲ.

ಇಷ್ಟು ಹೇಳಿದ ಮೇಲೆ ಇತಿಹಾಸ ಪುಸ್ತಕದ ಪರ ವಕಾಲತ್ತು ವಹಿಸುತ್ತಿದ್ದೇನೆ ಅಂತ ತಿಳಿಯಬೇಡಿ. ಹಳೆಯ ಕಲೆ ನೋಡಿದರೆ ಪುಸ್ತಕದ ಇತಿಹಾಸ ಸಾಲುವುದಿಲ್ಲ ಅನಿಸುವುದು ನಿಜ, ಅದಕ್ಕೆ ದೂರ ಹೋಗುವುದೂ ಬೇಡ. ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೋಗಿ. 1430ರದ್ದು. ಎಲ್ಲರೂ ಕಂಬ ಎಣಿಸುತ್ತಾರೆ, ಸೆಲ್ಫಿ ತೆಗೆಯುತ್ತಾರೆ, ಬರುತ್ತಾರೆ. ನೀವು ಸ್ವಲ್ಪ ಬಗ್ಗಿ ಮಂಟಪದ ಬುಡದಲ್ಲಿ ಇರುವ ಸಣ್ಣ ಕೆತ್ತನೆಗಳನ್ನು ನೋಡಿ. ಅಲ್ಲಿ ಉದ್ದ ಕತ್ತಿನ ಜಿರಾಫೆ ಉಂಟು. ಚೀನಾದ ಡ್ರ್ಯಾಗನ್ ಉಂಟು. ಬಿದಿರು ಮೆಳೆಯ ಊರಿನಲ್ಲಿ, ಸಮುದ್ರದಿಂದ ಒಳಗೆ, ಆಫ್ರಿಕಾದ ಪ್ರಾಣಿಗೆ ಎಂತ ಕೆಲಸ? ವಿಡಿಯೋ ಮಾಡುವವರು ಹಳೇಬೀಡಿನಲ್ಲಿ ರಾಕೆಟ್ ಹುಡುಕುತ್ತಾರೆ, ಇಲ್ಲಿ ನಿಜವಾದ ಒಗಟು ಮೊಣಕಾಲೆತ್ತರದಲ್ಲಿ ಕೂತಿದೆ.

ಉತ್ತರ ಸಮುದ್ರದಲ್ಲೇ ಇರಬೇಕು. 1405ರಿಂದ 1433ರವರೆಗೆ ಚೀನಾದ ಝೆಂಗ್ ಹೆ ಏಳು ಸಲ ದೊಡ್ಡ ಹಡಗು ಪಡೆ ಕಟ್ಟಿಕೊಂಡು ಬಂದ, ಅವನ ಹಡಗುಗಳು ಕಲ್ಲಿಕೋಟೆಗೆ ಬರುತ್ತಿದ್ದವು, ಕಲ್ಲಿಕೋಟೆ ನಮಗೆ ಎಷ್ಟು ದೂರ? ಅದೇ ಸಮಯಕ್ಕೆ, 1414ರಲ್ಲಿ, ಬಂಗಾಳದ ಸುಲ್ತಾನ ಚೀನಾದ ಚಕ್ರವರ್ತಿಗೆ ಜಿರಾಫೆ ಉಡುಗೊರೆ ಕಳಿಸಿದ, ಮರುವರ್ಷ ಆಫ್ರಿಕಾದ ಮಲಿಂದಿಯಿಂದ ಇನ್ನೊಂದು ಹೋಯಿತು. ಮೂಡುಬಿದಿರೆಯ ಬಸದಿಗೆ ದುಡ್ಡು ಹಾಕಿದವರಲ್ಲಿ ವ್ಯಾಪಾರಿ ಸೆಟ್ಟರು ಇದ್ದರು, ಮೆಣಸು, ಅಕ್ಕಿ ಮಾರುವ ಈ ಕರಾವಳಿಯವರಿಗೆ ಹಡಗಿನವರ ಜೊತೆ ದಿನಾ ವ್ಯವಹಾರ. ಕೆತ್ತಿದವನು ಜಿರಾಫೆಯನ್ನು ನೋಡಿದ್ದನೋ, ಸೆಟ್ಟರ ಮನೆಯಲ್ಲಿ ಚಿತ್ರ ಕಂಡಿದ್ದನೋ, ಹಡಗಿನವನೊಬ್ಬ ಮರಳಲ್ಲಿ ಗೀಚಿ ತೋರಿಸಿದ್ದನೋ. ಇತಿಹಾಸದಲ್ಲಿ ನಮ್ಮ ತುಳುನಾಡು ಬರುವುದು ವಿಜಯನಗರದ ಕೆಳಗಿನ ಒಂದು ಸೀಮೆಯಾಗಿ, ಅದೂ ಎರಡು ಸಾಲು. ಆ ಜಿರಾಫೆ ಹೇಳುವ ಕಥೆ ಇನ್ನೂ ದೊಡ್ಡದು. ಅಂದಹಾಗೆ ಆ ಬಸದಿಯ ಮಾಡು, ಅಂದರೆ ಛಾವಣಿ, ನೇಪಾಳದ ಗುಡಿಗಳ ಹಾಗೆ ಕಾಣುತ್ತದೆ ಅಂತ 19ನೇ ಶತಮಾನದಲ್ಲಿ ಭಾರತದ ಕಟ್ಟಡಗಳ ಇತಿಹಾಸ ಬರೆದ ಫರ್ಗುಸನ್ ಹೇಳಿದ, ಅಲ್ಲಿಂದ ಶುರುವಾಗಿ ನೇಪಾಳದಿಂದ ಜನ ಬಂದು ಕಟ್ಟಿದರು ಅನ್ನುವವರೂ ಇದ್ದಾರೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಹೊಡೆಯುವ ಊರಿನಲ್ಲಿ ಮಾಡು ಇಳಿಜಾರು ಅಲ್ಲದೆ ಮತ್ತೆ ಹೇಗೆ ಇರಬೇಕಿತ್ತು ಸ್ವಾಮಿ?

ಅದೇ ಮೂಡುಬಿದಿರೆಯಲ್ಲಿ, ಆ ಊರನ್ನು ಆಳಿದ ಜೈನ ಅರಸರಾದ ಚೌಟರ ಅರಮನೆಯ ಮರದ ಕಂಬದಲ್ಲಿ ನವನಾರಿ ಕುಂಜರ ಉಂಟು. ಒಂಬತ್ತು ಹೆಂಗಸರು ಮೈ ಬಳುಕಿಸಿ, ಕೈಕಾಲು ಹೆಣೆದುಕೊಂಡು ಒಂದು ಆನೆ ಆಗಿದ್ದಾರೆ. ದೂರದಿಂದ ಆನೆ, ಹತ್ತಿರ ಹೋದರೆ ಮುಖಗಳು, ಸೆರಗು, ಜಡೆ. ಇನ್ನೊಂದರಲ್ಲಿ ಐವರು ಸೇರಿ ಕುದುರೆ. ಇದೇ ತಮಾಷೆ ಭಾರತದ ಬೇರೆ ಬೇರೆ ಕಡೆಯ ಚಿತ್ರ, ಕೆತ್ತನೆಗಳಲ್ಲಿ ಸಿಗುತ್ತದೆ. ಅಂದರೆ ಕಸುಬಿನವರು ಓಡಾಡುತ್ತಿದ್ದರು, ಒಬ್ಬರ ಕೆಲಸ ಇನ್ನೊಬ್ಬರು ನೋಡುತ್ತಿದ್ದರು. ರಾಜರ ದಂಡಯಾತ್ರೆಗೆ ನಕ್ಷೆ ಉಂಟು, ಬಾಣದ ಗುರುತು ಹಾಕಿ ಬಣ್ಣ ತುಂಬಿಸುತ್ತಾರೆ. ಆಚಾರಿಗಳು ಊರಿಂದ ಊರಿಗೆ ಹೋದ ದಾರಿಗೆ ನಕ್ಷೆ ಇಲ್ಲ.

ಇನ್ನು ಮಂಗಳೂರು. ಕದ್ರಿ ಮಂಜುನಾಥನ ದೇವಸ್ಥಾನದಲ್ಲಿರುವ ಕಂಚಿನ ಲೋಕೇಶ್ವರನನ್ನು ನೀವೆಲ್ಲ ನೋಡಿರುತ್ತೀರಿ. ಮೂರು ಮುಖ, ಆರು ಕೈ. ಪೀಠದಲ್ಲಿ ಶಾಸನ ಉಂಟು, ಕಲಿವರ್ಷ 4068, ಅಂದರೆ ಕ್ರಿ.ಶ. 968. ಈ ಕರಾವಳಿಯನ್ನು ಆಳಿದ ಆಳುಪ ವಂಶದ ಕುಂದವರ್ಮ ಕದರಿಕಾ ವಿಹಾರದಲ್ಲಿ ಇದನ್ನು ಪ್ರತಿಷ್ಠೆ ಮಾಡಿಸಿದ. ತನ್ನನ್ನು ಶಿವನ ಪಾದದ ಭಕ್ತ ಅಂತ ಕರೆದುಕೊಂಡ ರಾಜ, ಬೌದ್ಧರ ಲೋಕೇಶ್ವರ, ಇವತ್ತು ಪೂಜೆ ನಡೆಯುವುದು ಮಂಜುನಾಥನ ಅಂಗಳದಲ್ಲಿ. ಮತಗಳ ಇತಿಹಾಸವನ್ನು ಗೆರೆ ಎಳೆದು ಬೇರೆ ಬೇರೆ ಪಾಠ ಮಾಡಿಟ್ಟವರಿಗೆ ಇದೊಂದು ಮೂರ್ತಿ ಸಾಕು ತಲೆಕೆರೆದುಕೊಳ್ಳಲು. ನನ್ನ ಕಣ್ಣು ಮಾತ್ರ ಹೋಗುವುದು ಎರಕದ ಮೇಲೆ. ಇಂಥ ಮೂರ್ತಿಗೆ ಮೊದಲು ಜೇನುಮೇಣ ಮತ್ತು ರಾಳದಲ್ಲಿ ಪೂರ್ತಿ ರೂಪ ಮಾಡಬೇಕು, ಬೆರಳಿನ ಉಗುರು ಸಮೇತ. ಅದರ ಮೇಲೆ ನುಣ್ಣನೆ ಮಣ್ಣು, ಆಮೇಲೆ ದಪ್ಪ ಮಣ್ಣು ಮೆತ್ತಿ ಒಣಗಿಸಬೇಕು. ಕಾಯಿಸಿದರೆ ಮೇಣ ಕರಗಿ ಹರಿದುಹೋಗಿ ಒಳಗೆ ಖಾಲಿ ಜಾಗ ಉಳಿಯುತ್ತದೆ, ಆ ಜಾಗಕ್ಕೆ ಕಾದ ಲೋಹವನ್ನು ತಡೆಯಿಲ್ಲದೆ ಒಂದೇ ಸಲ ಹೊಯ್ಯಬೇಕು. ಮಣ್ಣಲ್ಲಿ ಸ್ವಲ್ಪ ತೇವ ಉಳಿದಿದ್ದರೆ ಅಚ್ಚು ಸಿಡಿಯುತ್ತದೆ, ನಡುವೆ ಗಾಳಿ ನಿಂತರೆ ಒಂದು ಕೈಯೇ ಮೂಡುವುದಿಲ್ಲ. ಮೇಣದ ಮೂರ್ತಿ ಹೋಗಿಬಿಟ್ಟಿದೆ, ಕೆಟ್ಟರೆ ಮೊದಲಿನಿಂದ ಶುರು. ಆರು ಕೈಯ ಮೂರ್ತಿಯಲ್ಲಿ ಲೋಹ ಎಲ್ಲಿಂದ ಹರಿದು ಎಲ್ಲಿಗೆ ಹೋಗಬೇಕು ಅಂತ ಮೊದಲೇ ತಲೆಯಲ್ಲಿ ಕಂಡವನು ಒಬ್ಬ ಮಂಗಳೂರಿನಲ್ಲಿದ್ದ, ಅಥವಾ ಮಂಗಳೂರಿಗೆ ಬಂದಿದ್ದ. ಕುಂದವರ್ಮನ ಹೆಸರು ನಮಗೆ ಸಿಕ್ಕಿತು.

ಇದಕ್ಕೆ ಸೇರಿಸಿ ಇನ್ನೊಂದು ಓದಿ. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ವಿಜಯನಗರಕ್ಕೆ ಹೋಗುವಾಗ ಮಂಗಳೂರಿನಲ್ಲಿ ಇಳಿದ. ಊರಿನಿಂದ ಮೂರು ಫರ್ಸಂಗ್ ದೂರದಲ್ಲಿ, ಅಂದರೆ ಹೆಚ್ಚುಕಮ್ಮಿ 15-18 ಕಿಲೋಮೀಟರ್, ಒಂದು ಗುಡಿ ನೋಡಿದೆ, ಅಂಥದ್ದು ಲೋಕದಲ್ಲೇ ಇಲ್ಲ ಅಂತ ಬರೆದ. ಹತ್ತು ಗಜ ಉದ್ದ, ಹತ್ತು ಗಜ ಅಗಲ, ಐದು ಗಜ ಎತ್ತರ, ಇಡೀ ಗುಡಿ ಎರಕದ ಕಂಚಿನದ್ದಂತೆ. ಎದುರಿಗೆ ಆಳೆತ್ತರದ ಚಿನ್ನದ ಮೂರ್ತಿ, ಕಣ್ಣಿಗೆ ಎರಡು ಕೆಂಪು ಮಾಣಿಕ್ಯ, ನಿಮ್ಮನ್ನೇ ನೋಡುತ್ತದೆ ಅನಿಸುವ ಹಾಗೆ ಕೂರಿಸಿದ್ದಾರೆ ಅನ್ನುತ್ತಾನೆ. ದೂರದಿಂದ ಬಂದವನು ಸ್ವಲ್ಪ ಉಪ್ಪುಖಾರ ಹಚ್ಚಿರಬಹುದು. ಗೋಡೆಗೆ ಕಂಚಿನ ತಗಡು ಹೊದೆಸಿದ್ದನ್ನೇ ಇಡೀ ಕಂಚು ಅಂದುಕೊಂಡಿರಬಹುದು. ಆದರೆ ಕದ್ರಿಯ ಲೋಕೇಶ್ವರನನ್ನೂ, ಸಾವಿರ ಕಂಬದ ಬಸದಿಯಲ್ಲಿರುವ 8 ಅಡಿಯ ಪಂಚಲೋಹದ ಚಂದ್ರನಾಥನನ್ನೂ ನೋಡಿದವನು ಅವನ ಮಾತನ್ನು ಸುಮ್ನೆ ತಳ್ಳಿಹಾಕುವುದಿಲ್ಲ. ಮಂಗಳೂರಿನ ಸುತ್ತ ಇಂಥದ್ದೊಂದು ಗುಡಿ ಇತ್ತು ಅಂತ ನಮ್ಮ ಶಾಲೆಗಳಲ್ಲಿ ಎಷ್ಟು ಮಕ್ಕಳಿಗೆ ಗೊತ್ತು? ಅದು ಎಲ್ಲಿತ್ತು, ಏನಾಯಿತು, ಕರಗಿಸಿದರೋ? ಅನ್ಯಗ್ರಹದವರ ಹಿಂದೆ ಹೋಗುವ ಉತ್ಸಾಹದಲ್ಲಿ ಹತ್ತನೇ ಒಂದು ಪಾಲು ಇದರ ಹಿಂದೆ ಹೋದರೂ ಸಾಕಿತ್ತು.

ಹೆಸರು ಉಳಿಸುವುದು ನಮಗೆ ಬರುವುದಿಲ್ಲ ಅಂತೇನೂ ಇಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಮಾಡಿನ ಚಿತ್ರ ಬಿಡಿಸಿದವರು ಯಾರು ಅಂತ ಊರಿನಲ್ಲಿ ಯಾರನ್ನು ಕೇಳಿದರೂ ಆಂಟೋನಿಯೋ ಮೊಸ್ಕೇನಿ ಅನ್ನುತ್ತಾರೆ. ಇಟಲಿಯಿಂದ ಬಂದವರು, 1900ರ ಆಸುಪಾಸಿನಲ್ಲಿ ಆ ಕೆಲಸ ಮಾಡಿದರು. ಚಾಪೆಲ್ ಕಟ್ಟಲು ದುಡ್ಡು ಕೊಟ್ಟವರ ಹೆಸರಿಗಿಂತ ಜಾಸ್ತಿ ಚಿತ್ರಕಾರನ ಹೆಸರು ಜನರ ಬಾಯಲ್ಲಿ ಉಂಟು. ಅಲ್ಲಿ ನಿಂತು ಯಾರೂ ಇದು ಮನುಷ್ಯರು ಮಾಡಿದ್ದಲ್ಲ ಅನ್ನುವುದಿಲ್ಲ, ಗಮನಿಸಿದ್ದೀರಾ? ಇಟಲಿಯವರ ಕೈಯಲ್ಲಿ ಸಾಧ್ಯ ಅಂತ ಒಪ್ಪುವ ನಮಗೆ ಬಳ್ಳಿಗಾವಿಯವರ, ಕಾರ್ಕಳದವರ ಕೈಯಲ್ಲಿ ಸಾಧ್ಯ ಅಂತ ಒಪ್ಪುವಾಗ ಮಾತ್ರ ಯಂತ್ರ ಬೇಕಾಗುತ್ತದೆ. ನಮ್ಮ ಪೂರ್ವಜರು ಶ್ರೇಷ್ಠರು ಅಂತ ಶುರುವಾಗುವ ವಿಡಿಯೋ ಕೊನೆಗೆ ಪೂರ್ವಜರ ಕೈಯನ್ನೇ ಕಿತ್ತುಕೊಳ್ಳುತ್ತದೆ. ಇವತ್ತಿಗೂ ಉಳಿ ಹಿಡಿದು ಬದುಕುವ ಆಚಾರಿ ಮನೆಗಳವರಿಗೆ ಇದನ್ನು ಕೇಳಿ ಏನನಿಸಬೇಕು?

ಸಂಪಾದಕರೇ, ಪತ್ರ ಉದ್ದವಾಯಿತು, ಕತ್ತರಿ ಹಾಕುವುದಾದರೆ ಎಲ್ಲೋರದ ಭಾಗಕ್ಕೆ ಹಾಕಿ, ಜಿರಾಫೆಗೆ ಮಾತ್ರ ಬೇಡ. ನಿಮ್ಮಲ್ಲಿ ಒಂದೇ ಕೇಳಿಕೆ. ಮಹಾಮಸ್ತಕಾಭಿಷೇಕ ಬಂದಾಗಲೆಲ್ಲ ವಿಶೇಷ ಪುರವಣಿ ತರುತ್ತೀರಿ, ಅದರಲ್ಲಿ ರಾಜವಂಶದ ಪಟ್ಟಿಗೆ ಕೊಡುವ ಜಾಗದಲ್ಲಿ ಅರ್ಧವನ್ನು ಶಿಲ್ಪಶಾಲೆಗೆ ಕೊಡಿ. ಕಾರ್ಕಳದ ಹಿರಿಯ ಶಿಲ್ಪಿಗಳು, ಎರಕದವರು, ಭೂತದ ಮರದ ಮೂರ್ತಿ ಮಾಡುವವರು ಈಗ ಇರುವಾಗಲೇ ವರದಿಗಾರರನ್ನು ಕಳಿಸಿ ಕಲ್ಲು ಕೇಳುವುದು ಹೇಗೆ, ಉಳಿಗೆ ಹದ ಹಾಕುವುದು ಹೇಗೆ ಅಂತ ಬರೆಸಿ, ವಿಡಿಯೋ ಮಾಡಿಸಿ. ನಮ್ಮ ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ಹಳೆಯ ಮರದ ಮೂರ್ತಿಗಳು ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಂ ಸೇರಿವೆ, ಮೂರ್ತಿಯನ್ನಾದರೂ ಹೀಗೆ ಒಯ್ದು ಇಡಬಹುದು, ಮಾಡುವ ಕ್ರಮ ಹೋದರೆ ಯಾವ ಮ್ಯೂಸಿಯಮ್ಮಿಗೂ ತರಲಿಕ್ಕೆ ಆಗುವುದಿಲ್ಲ.

ಯಂತ್ರದ ಪತ್ರ ಬರೆದ ವಾಚಕರ ವಿಳಾಸ ನಿಮ್ಮಲ್ಲಿ ಇದ್ದರೆ ಇದನ್ನು ಅವರಿಗೂ ತಲುಪಿಸಿ. ಪ್ರಶ್ನೆ ಕೇಳುವವರು ಕಮ್ಮಿ ಆಗಿರುವ ಕಾಲ, ಅವರು ಕೇಳುವುದನ್ನು ನಿಲ್ಲಿಸಬಾರದು. ಅವರಿಗೆ ಪುರುಸೊತ್ತಿದ್ದರೆ ಇಬ್ಬರೂ ಒಟ್ಟಿಗೆ ಕಾರ್ಕಳಕ್ಕೆ ಹೋಗಿ ಬರುವ, ಅಲ್ಲಿಂದ ಮೂಡುಬಿದಿರೆ. ಬಸ್ ಚಾರ್ಜು ನನ್ನದು. ಭಾನುವಾರ ಮಾತ್ರ ಬೇಡ, ಶಿಲ್ಪಶಾಲೆಯವರಿಗೆ ರಜೆ ಇರುತ್ತದೆ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ
ಉಡುಪಿ